ಫ್ರಿಜ್ಜಿನೊಳಗಿನ ನಾಯಿಬುತ್ತಿ

ಕಳೆದ ಬೇಸಿಗೆಯಲ್ಲಿ ನಮ್ಮಕ್ಕನ ಮಗ ಬೆಂಗಳೂರಿನಿಂದ ಶಹಾಪುರಕ್ಕೆ ಕಾರಿನಲ್ಲಿ ಬಂದ. ಹಿಂದಿನ ಸೀಟಿನಲ್ಲಿ ಅವನ ಲ್ಯಾಬ್ರಡಾರ್, ಅದರ ಕಾಲ ಬುಡಕ್ಕೆ ಒಂದು ಥರ್ಮಾಕೋಲ್ ಡಬ್ಬಿ. ಇಳಿದವನೇ ಚಹಾನೂ ಕುಡಿಯದೆ ಅಡುಗೆಮನೆಗೆ ನಡೆದ. ‘ಮಾಮಾ, ಫ್ರಿಜ್‌ನಾಗ ಒಂದು ಖಾನಿ ಖಾಲಿ ಮಾಡಿ ಕೊಡ್ರಿ, ಇದರ ಊಟ ಇಡಬೇಕು’ ಅಂದ. ಡಬ್ಬಿಯಲ್ಲಿ ನಾನೂರು ಗ್ರಾಮಿನ ಹತ್ತು ಪಾಕೀಟು. ಒಳಗೆ ಕೋಳಿ, ಅಕ್ಕಿ, ಗಜ್ಜರಿ, ಕುಂಬಳಕಾಯಿ ಬೇಯಿಸಿ ಕಲಸಿದ ಕಂದು ಮುದ್ದೆ. ಅವ್ವ ಕನ್ನಡಕ ಸರಿಮಾಡಿಕೊಂಡು ಒಂದನ್ನು ತಿರುವಿ ಮುರುವಿ ನೋಡಿದಳು. ‘ನಾಯಿ ಬುತ್ತಿ ಇಲ್ಲಿಟ್ರ ನಮ್ಮ ಮಸರು ಎಲ್ಲಿಡ್ಲೋ ಯಪ್ಪಾ?’

ಹತ್ತರಲ್ಲಿ ಎರಡು ಪಾಕೀಟು ಪೂರಿಯ ಹಾಗೆ ಉಬ್ಬಿದ್ದವು. ಅಳಿಯ ಮುಟ್ಟಿ ನೋಡಿ, ‘ತಣ್ಣಗೇ ಐತ್ರಿ, ಏನಾಗಲ್ಲ’ ಅಂದ. ಅವ್ವ ಕೇಳಲಿಲ್ಲ. ತಿಪ್ಪೆಗೆ ಎಸೆದರೆ ಓಣಿ ನಾಯಿ ತಿಂದಾವು ಅಂತ ಹಿತ್ತಲಲ್ಲಿ ತೆಗ್ಗು ತೋಡಿಸಿ ಎರಡನ್ನೂ ಮುಚ್ಚಿಸಿದಳು. ಅವಳು ಮಾಡಿದ್ದೇ ಸರಿ. ಉಬ್ಬಿದ ಪಾಕೀಟಿನೊಳಗೆ ಗಾಳಿ ತಾನಾಗಿ ಹುಟ್ಟುವುದಿಲ್ಲ, ಬ್ಯಾಕ್ಟೀರಿಯಾ ಹುಟ್ಟಿಸುತ್ತವೆ. ಹತ್ತು ತಾಸಿನ ದಾರಿಯಲ್ಲಿ ಎಲ್ಲೋ ಒಂದು ಕಡೆ ಆ ಎರಡರ ತಂಪು ಹೋಗಿತ್ತು. ಆಮೇಲೆ ಮತ್ತೆ ತಣ್ಣಗಾದರೂ ಒಳಗೆ ಆದದ್ದು ಆಗಿಯೇ ಹೋಗಿರುತ್ತದೆ.

ಉಳಿದ ಎಂಟು ಪಾಕೀಟುಗಳ ಹಿಂಬದಿಯನ್ನು ನಾನು ನಾಲ್ಕು ದಿನ ಓದಿದೆ. ಓದಲು ಕಾರಣವೂ ಇತ್ತು. ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಈಗ ಜಾತಿ ನಾಯಿ ಸಾಕುವ ಮನೆಗಳು ಕಡಿಮೆಯೇನಿಲ್ಲ. ‘ರೊಟ್ಟಿ ಹಾಕಿದರೆ ಸಾಕೋ, ಪೆಡಿಗ್ರೀ ತರಬೇಕೋ, ಈ ಫ್ರಿಜ್ಜಿನ ಊಟ ತರಿಸಬೇಕೋ’ ಎಂದು ಕೇಳುವವರು ಸಿಗುತ್ತಲೇ ಇರುತ್ತಾರೆ. ಜಾಹೀರಾತು ನೋಡಿದರೆ ಫ್ರಿಜ್ಜಿನದೇ ಅಮೃತ, ಒಣ ಕಾಳಿನದು ಕಸ, ರೊಟ್ಟಿಯದು ಪಾಪ. ಲೆಕ್ಕ ಹಾಕಿದರೆ ಹಾಗೇನೂ ಕಾಣುವುದಿಲ್ಲ.

ತಂಪು ಪೆಟ್ಟಿಗೆಯ ನಾಯಿ ಊಟ ದೊಡ್ಡ ವ್ಯಾಪಾರವಾಗಿ ಬೆಳೆದದ್ದು ಅಮೆರಿಕದಲ್ಲಿ. ಫ್ರೆಶ್‌ಪೆಟ್ ಎಂಬ ಕಂಪನಿ 2006ರಲ್ಲಿ ಶುರುವಾಗಿ, ಕಿರಾಣಿ ಅಂಗಡಿಗಳೊಳಗೆ ತನ್ನದೇ ಫ್ರಿಜ್ಜುಗಳನ್ನು ನಿಲ್ಲಿಸಿತು. 2014ರಲ್ಲಿ ಹುಟ್ಟಿದ ದಿ ಫಾರ್ಮರ್ಸ್ ಡಾಗ್ ಮನೆ ಬಾಗಿಲಿಗೇ ಪಾಕೀಟು ಕಳಿಸತೊಡಗಿತು. ಆಮೇಲೆ ನಮ್ಮ ದೊಡ್ಡ ನಗರಗಳಲ್ಲೂ ಸಣ್ಣಪುಟ್ಟ ಅಡುಗೆಮನೆಗಳು ತಲೆಯೆತ್ತಿದವು. ಆಲೋಚನೆ ಕೆಟ್ಟದ್ದಲ್ಲ. ಹದವಾಗಿ ಬೆಂದ ಮಾಂಸ ನಾಯಿಗೆ ಚೆನ್ನಾಗಿ ಜೀರ್ಣವಾಗುತ್ತದೆ. ನೀರಿನ ಅಂಶ ಹೆಚ್ಚಿರುವುದು ನಮ್ಮ ಬಿಸಿಲಿಗೆ ಒಳ್ಳೆಯದೇ. ಹಲ್ಲಿಲ್ಲದ ಮುದಿ ನಾಯಿಗೆ, ಜ್ವರ ಬಿದ್ದು ಎದ್ದ ನಾಯಿಗೆ ವರವೇ ಸರಿ. ಆದರೆ ‘ತಾಜಾ’ ಅನ್ನುವುದು ಒಂದು ಗುಣ, ‘ಪೂರ್ಣ’ ಅನ್ನುವುದು ಇನ್ನೊಂದು. ಪಾಕೀಟಿನ ಮುಂಬದಿ ಮೊದಲನೆಯದನ್ನು ಕೂಗಿ ಹೇಳುತ್ತದೆ. ಎರಡನೆಯದನ್ನು ಹಿಂಬದಿಯ ಸಣ್ಣ ಅಕ್ಷರದಲ್ಲಿ ಹುಡುಕಬೇಕು.

ಮೊದಲು ನೀರಿನ ಲೆಕ್ಕ. ಒಂದು ತಾಜಾ ಪಾಕೀಟಿನಲ್ಲಿ ಪ್ರೋಟೀನ್ ಶೇ 10, ತೇವಾಂಶ ಶೇ 72 ಅಂತ ಇದೆ ಅನ್ನಿ. ಪಕ್ಕದ ಒಣ ಕಾಳಿನ ಚೀಲದಲ್ಲಿ ಪ್ರೋಟೀನ್ ಶೇ 22, ತೇವಾಂಶ ಶೇ 10. ಮೇಲ್ನೋಟಕ್ಕೆ ಚೀಲ ಗೆದ್ದಿತು. ಆದರೆ ಎರಡರಿಂದಲೂ ನೀರು ಹಿಂಡಿ ತೆಗೆದು ಹೋಲಿಸಬೇಕು, ಹಸಿ ಮೆಣಸಿನಕಾಯಿಯನ್ನು ಒಣ ಮೆಣಸಿನಕಾಯಿಯ ತೂಕದಲ್ಲಿ ಮಾರುವುದುಂಟೇ? ತಾಜಾ ಪಾಕೀಟಿನಲ್ಲಿ ನೀರು ಕಳೆದರೆ ಉಳಿಯುವುದು 28 ಭಾಗ. ಅದರಲ್ಲಿ 10 ಅಂದರೆ ಸುಮಾರು ಶೇ 36. ಚೀಲದಲ್ಲಿ 90ಕ್ಕೆ 22, ಅಂದರೆ ಶೇ 24ರ ಆಸುಪಾಸು. ಈಗ ಪಾಕೀಟು ಗೆದ್ದಿತು. ಬೆಳೆದ ನಾಯಿಗೆ ಒಣ ಲೆಕ್ಕದಲ್ಲಿ ಕನಿಷ್ಠ ಶೇ 18, ಮರಿಗೆ ಮತ್ತು ಬಸಿರು ನಾಯಿಗೆ ಶೇ 22.5 ಪ್ರೋಟೀನ್ ಬೇಕು ಎಂದು ಅಮೆರಿಕದ ಪಶು ಆಹಾರ ನಿಯಂತ್ರಣ ಅಧಿಕಾರಿಗಳ ಸಂಘ ‘ಆಫ್ಕೋ’ದ ಮಾನದಂಡ ಹೇಳುತ್ತದೆ. ಹಾಗೆ ನೋಡಿದರೆ ಎರಡೂ ಪಾಸು. ಪ್ರೋಟೀನ್ ಹೆಚ್ಚಿದೆ ಎಂಬ ಒಂದೇ ಕಾರಣಕ್ಕೆ ಮೂರು ಪಟ್ಟಿಗೂ ಹೆಚ್ಚು ದುಡ್ಡು ಕೊಡಬೇಕಾಗಿಲ್ಲ.

ಪ್ರೋಟೀನ್ ಅಂಕಿಯನ್ನು ಕಣ್ಣುಮುಚ್ಚಿ ನಂಬಲೂ ಬಾರದು. ಪ್ರಯೋಗಾಲಯದಲ್ಲಿ ಅಳೆಯುವುದು ಸಾರಜನಕವನ್ನು, ಬಂದ ಅಂಕಿಯನ್ನು 6.25ರಿಂದ ಗುಣಿಸಿ ‘ಪ್ರೋಟೀನ್’ ಅಂತ ಬರೆಯುತ್ತಾರೆ. ಸಾರಜನಕ ತುಂಬಿರುವ ಮೆಲಮೈನ್ ಎಂಬ ರಾಸಾಯನಿಕ ಬೆರೆತ ಗೋಧಿ ಗ್ಲುಟೆನ್ ಚೀನಾದಿಂದ ಬಂದು, 2007ರಲ್ಲಿ ಅಮೆರಿಕದ ನಾಯಿ, ಬೆಕ್ಕುಗಳ ಮೂತ್ರಪಿಂಡ ಕೆಟ್ಟದ್ದು ಇದೇ ಸಂದಿಯಿಂದ. ಕಾಗದದ ಮೇಲೆ ಅಂಕಿ ಚೆನ್ನಾಗಿಯೇ ಇತ್ತು. ಮರು ವರ್ಷ ಅದೇ ವಿಷ ಚೀನಾದ ಹಸುಗೂಸುಗಳ ಹಾಲಿನ ಪುಡಿಯಲ್ಲೂ ಸಿಕ್ಕಿತು.

ಇನ್ನು ಪದಾರ್ಥಗಳ ಪಟ್ಟಿ. ತೂಕದ ಇಳಿಕೆ ಕ್ರಮದಲ್ಲಿ ಬರೆಯುತ್ತಾರೆ, ಹಸಿ ತೂಕದಲ್ಲಿ. ಕೋಳಿ ಮೊದಲು ಬರುತ್ತದೆ, ಯಾಕೆಂದರೆ ಹಸಿ ಕೋಳಿಯ ಮುಕ್ಕಾಲು ಪಾಲು ನೀರೇ. ಮುಂದೆ ‘ಅಕ್ಕಿ’, ಆಚೆಗೆ ‘ನುಚ್ಚಕ್ಕಿ’, ಇನ್ನೂ ಆಚೆಗೆ ‘ಅಕ್ಕಿ ತೌಡು’ ಎಂದಿದ್ದರೆ ಮೂರನ್ನೂ ಕೂಡಿಸಿ ನೋಡಿ, ಕೋಳಿ ಎರಡನೇ ಜಾಗಕ್ಕೆ ಇಳಿಯಬಹುದು.

ನಮ್ಮ ಅಳಿಯನಿಗೆ ಖುಷಿ ಕೊಟ್ಟದ್ದು ಇನ್ನೊಂದು ಸಂಗತಿ. ‘ನೋಡ್ರಿ ಮಾಮಾ, ಬಾಯಿಗೆ ಬರದ ಕೆಮಿಕಲ್ ಹೆಸರು ಒಂದೂ ಇಲ್ಲ. ಕೋಳಿ, ಅಕ್ಕಿ, ಗಜ್ಜರಿ, ಕುಂಬಳ, ಅಷ್ಟೇ.’ ನನಗೆ ಅನುಮಾನ ಹುಟ್ಟಿದ್ದೇ ಅಲ್ಲಿ. ಈ ನಾಲ್ಕರಿಂದ ನಾಯಿಗೆ ಸುಣ್ಣ, ಅಂದರೆ ಕ್ಯಾಲ್ಸಿಯಂ, ಎಲ್ಲಿಂದ ಬರಬೇಕು? ಸತು, ಅಯೋಡಿನ್, ತಾಮ್ರ, ಡಿ ಮತ್ತು ಇ ವಿಟಮಿನ್ ಎಲ್ಲಿಂದ? ಕೋಳಿ ಮಾಂಸದಲ್ಲಿ ರಂಜಕ ಧಾರಾಳ, ಸುಣ್ಣ ಲೆಕ್ಕಕ್ಕೇ ಇಲ್ಲ. ನಾಯಿಗೆ ಇವೆರಡೂ ಸಮಸಮ, ಇಲ್ಲವೇ ಸುಣ್ಣವೇ ಒಂದು ಕೈ ಮೇಲಿರಬೇಕು. ತಿಂದದ್ದರಲ್ಲಿ ಸಾಲದಿದ್ದರೆ ದೇಹ ಎಲುಬಿನಿಂದ ಸುಣ್ಣ ಕಿತ್ತು ರಕ್ತಕ್ಕೆ ತುಂಬುತ್ತದೆ. ಮರಿಯ ಮುಂಗಾಲು ಸೊಟ್ಟಗಾಗುವುದು, ಮೆಟ್ಟಿಲು ಇಳಿಯುವಾಗಲೇ ಎಲುಬು ಮುರಿಯುವುದು ಹೀಗೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಸಂಶೋಧಕರು ಪುಸ್ತಕ, ಜಾಲತಾಣಗಳಲ್ಲಿದ್ದ ಮನೆ ಅಡುಗೆಯ 200 ನಾಯಿ ಪಾಕಗಳನ್ನು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. 190 ಪಾಕಗಳಲ್ಲಿ ಒಂದಲ್ಲ ಒಂದು ಅಗತ್ಯ ಪೋಷಕಾಂಶದ ಕೊರತೆಯಿತ್ತು. ಪಶುವೈದ್ಯರು ಬರೆದ ಪಾಕಗಳೂ ಅದರಲ್ಲಿದ್ದವು. ಹಾಗಾಗಿ ಪಟ್ಟಿಯ ಕೊನೆಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್, ಝಿಂಕ್ ಸಲ್ಫೇಟ್, ಪೊಟ್ಯಾಸಿಯಂ ಅಯೋಡೈಡ್, ವಿಟಮಿನ್ ಡಿ3 ಎಂಬ ‘ಬಾಯಿಗೆ ಬರದ’ ಹೆಸರುಗಳಿದ್ದರೆ ಹೆದರಬೇಡಿ. ಯಾರೋ ಲೆಕ್ಕ ಹಾಕಿ ಊಟ ಮಾಡಿದ್ದಾರೆ ಅನ್ನುವುದಕ್ಕೆ ಅದೇ ಗುರುತು.

‘ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್’ ಎಂಬ ಮಾತು ಇದೆಯೇ, ಯಾವ ವಯಸ್ಸಿನ ನಾಯಿಗೆ, ಯಾವ ಮಾನದಂಡದ ಪ್ರಕಾರ ಎಂದು ಬರೆದಿದೆಯೇ ನೋಡಬೇಕು. ‘ಟಾಪರ್’, ‘ಕಾಂಪ್ಲಿಮೆಂಟರಿ’ ಎಂದಿದ್ದರೆ ಅದು ಊಟವಲ್ಲ, ಪಲ್ಯ. ನಮ್ಮಲ್ಲಿ ನಾಯಿ ಊಟಕ್ಕೆ ಭಾರತೀಯ ಮಾನಕ ಬ್ಯೂರೋದ ಐಎಸ್ 11968 ಎಂಬ ಮಾನಕ ಇದೆ. ಆದರೆ 2006ರ ಆಹಾರ ಸುರಕ್ಷತಾ ಕಾಯ್ದೆಯ ‘ಆಹಾರ’ದ ವ್ಯಾಖ್ಯಾನದಿಂದ ಪ್ರಾಣಿಗಳ ಮೇವನ್ನು ಹೊರಗಿಟ್ಟಿದ್ದಾರೆ. ಬಿಸ್ಕಿಟ್ ಪಾಕೀಟಿನ ಮೇಲೆ ಸರಕಾರದ ಕಣ್ಣಿರುವಷ್ಟು ನಾಯಿಯ ಪಾಕೀಟಿನ ಮೇಲೆ ಇಲ್ಲ. ಕಂಪನಿಗೇ ಫೋನ್ ಹಚ್ಚಿ ಕೇಳಿ: ಪಾಕ ಬರೆದವರು ಯಾರು, ಅವರು ಪ್ರಾಣಿ ಪೋಷಣೆ ಓದಿದವರೇ, ನೂರು ಗ್ರಾಮಿಗೆ ಎಷ್ಟು ಕ್ಯಾಲೊರಿ, ಎಷ್ಟು ಸುಣ್ಣ? ಜಾಗತಿಕ ಸಣ್ಣಪ್ರಾಣಿ ವೈದ್ಯರ ಸಂಘಟನೆ ‘ವಸಾವಾ’ ಕೂಡ ಇಂಥವೇ ಪ್ರಶ್ನೆ ಕೇಳಲು ಹೇಳುತ್ತದೆ. ಉತ್ತರ ತಡವರಿಸಿದರೆ ಬಿಟ್ಟುಬಿಡಿ.

ಕ್ಯಾಲೊರಿ ಅಂದೆ. ನಾಯಿಯ ತೂಕವನ್ನು 30ರಿಂದ ಗುಣಿಸಿ 70 ಕೂಡಿಸಿ. ಅದು ಸುಮ್ಮನೆ ಮಲಗಿದ ನಾಯಿಗೆ ಬೇಕಾದ ಕ್ಯಾಲೊರಿ. ಮನೆಯಲ್ಲಿ ಓಡಾಡುವ ನಾಯಿಗೆ ಅದರ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು. ಅಳಿಯನ ಲ್ಯಾಬ್ರಡಾರ್ 30 ಕೆ.ಜಿ. ಬೇಕಾದದ್ದು ಸುಮಾರು 1,500 ಕ್ಯಾಲೊರಿ. ತಾಜಾ ಊಟದಲ್ಲಿ ನೂರು ಗ್ರಾಮಿಗೆ 125ರ ಆಸುಪಾಸು ಇರುತ್ತದೆ. ಅವನು ಕೊಡುತ್ತಿದ್ದದ್ದು ದಿನಕ್ಕೆ ಎರಡು ಪಾಕೀಟು, ಸರಿಯಾಗಿ ಸಾವಿರ. ಬಂದ ಸಂಜೆಯಿಂದಲೇ ನಾಯಿ ಅವ್ವನ ಒಲೆ ಮುಂದೆ ಕೂತು ರೊಟ್ಟಿ ಬಡಿಯುವ ಕೈಯನ್ನೇ ನೋಡುತ್ತಿತ್ತು. ಅಳಿಯ ಅದನ್ನು ಚಪಲ ಅಂದುಕೊಂಡಿದ್ದ. ಲ್ಯಾಬ್ರಡಾರ್ ಅಂದಮೇಲೆ ಚಪಲವೂ ಇರುತ್ತದೆ, ಸುಳ್ಳಲ್ಲ. ಆದರೆ ಇದು ಹಸಿವು. ಬೆಲೆಯನ್ನೂ ಕೆ.ಜಿ. ಲೆಕ್ಕದಲ್ಲಿ ನೋಡದೆ ಕ್ಯಾಲೊರಿಯಲ್ಲಿ ನೋಡಿ. ಕೆ.ಜಿ.ಗೆ ನಾನೂರು ರೂಪಾಯಿಯ ತಾಜಾ ಊಟ ಸಾವಿರ ಕ್ಯಾಲೊರಿಗೆ 320 ಬೀಳುತ್ತದೆ. ಮುನ್ನೂರು ರೂಪಾಯಿಯ ಒಣ ಕಾಳು 86 ಬೀಳುತ್ತದೆ.

ಈಗ ನಮ್ಮ ಬಿಸಿಲು. ಮೇ ತಿಂಗಳಲ್ಲಿ ಯಾದಗಿರಿಯ ಉಷ್ಣತೆ 42 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಬೇಸಿಗೆಯಲ್ಲಿ ಸರಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಸೀಮೆ ಇದು. ತಾಜಾ ಊಟ 4 ಡಿಗ್ರಿಯ ಒಳಗೆ ಇರಬೇಕು, ಹೆಪ್ಪುಗಟ್ಟಿಸಿದ್ದಾದರೆ ಮೈನಸ್ 18ರಲ್ಲಿ. 5ರಿಂದ 60 ಡಿಗ್ರಿಯ ನಡುವೆ ಬ್ಯಾಕ್ಟೀರಿಯಾಕ್ಕೆ ಹಬ್ಬ, ಅನುಕೂಲವಾದ ಕಡೆ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಲಿಸ್ಟೀರಿಯಾ ಎಂಬ ಒಂದು ಜಾತಿ ಫ್ರಿಜ್ಜಿನ ತಂಪಿನಲ್ಲೂ ನಿಧಾನಕ್ಕೆ ಬೆಳೆಯುತ್ತದೆ. ಬಸಿರು ಹೆಂಗಸರಿರುವ ಮನೆಯಲ್ಲಿ ಇದು ಬರೀ ನಾಯಿಯ ಮಾತಲ್ಲ. ಬಾಗಿಲು ತೆರೆಯದೆ ಇಟ್ಟರೆ ಕರೆಂಟು ಹೋದ ಮೇಲೂ ಫ್ರಿಜ್ಜು ನಾಲ್ಕು ತಾಸು ತಂಪು ಹಿಡಿದೀತು. ಆದರೆ ಬೇಸಿಗೆಯಲ್ಲಿ ತಣ್ಣೀರಿಗೆಂದು ಹತ್ತು ಸಲ ಬಾಗಿಲು ತೆರೆಯದ ಮನೆ ಯಾವುದಿದೆ?

ಒಂದು ಉಪಾಯ ಇದೆ, ಖರ್ಚು ಒಂದು ರೂಪಾಯಿ. ಸ್ಟೀಲಿನ ವಾಟಿಯಲ್ಲಿ ನೀರು ತುಂಬಿ ಫ್ರೀಜರಿನಲ್ಲಿ ಗಟ್ಟಿಯಾಗಿಸಿ, ಮೇಲೊಂದು ನಾಣ್ಯ ಇಟ್ಟು ಅಲ್ಲೇ ಬಿಡಿ. ಊರಿಗೆ ಹೋಗಿ ಬಂದು ನೋಡಿದಾಗ ನಾಣ್ಯ ಮೇಲೇ ಇದ್ದರೆ ಸರಿ. ವಾಟಿಯ ತಳದಲ್ಲಿ ಮಂಜಿನೊಳಗೆ ಹೂತಿದ್ದರೆ ನೀವಿಲ್ಲದಾಗ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ. ಪಾಕೀಟು ಮಣ್ಣಿಗೆ. ಪಾರ್ಸಲ್ ಬಂದಾಗಲೂ ಒಳಗಿನದು ಕಲ್ಲಿನ ಹಾಗಿದ್ದರೆ ಇಟ್ಟುಕೊಳ್ಳಿ, ಮೆತ್ತಗಾಗಿದ್ದರೆ ವಾಪಸು ಕಳಿಸಿ. ನಗರದ ಅಡುಗೆಮನೆಯಿಂದ ಹೊರಟು ಲಾರಿ, ಗೋದಾಮು, ಬೈಕು ದಾಟಿ ಸುರಪುರದ ಗುಡ್ಡ ಏರುವ ಪಾಕೀಟು ದಾರಿಯುದ್ದಕ್ಕೂ ತಂಪಾಗಿತ್ತು ಎಂದು ಆಣೆ ಮಾಡಿ ಹೇಳುವವರು ನನಗೆ ಇನ್ನೂ ಸಿಕ್ಕಿಲ್ಲ.

ಹಾಗಾದರೆ ರೊಟ್ಟಿಯೇ ಸರಿಯೇ? ಅದನ್ನೂ ತಕ್ಕಡಿಗೆ ಹಾಕೋಣ. ನಾಯಿಗೆ ಕಾಳುಕಡಿ ಒಗ್ಗುವುದಿಲ್ಲ, ಅದು ತೋಳದ ವಂಶ ಎನ್ನುವ ವಾದ ಅರ್ಧ ಸತ್ಯ. ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದವರು 2013ರಲ್ಲಿ ತೋರಿಸಿದಂತೆ, ಪಿಷ್ಟ ಅರಗಿಸುವ ಜೀನಿನ ಎರಡು ಪ್ರತಿ ತೋಳದಲ್ಲಿದ್ದರೆ ನಾಯಿಯಲ್ಲಿ ನಾಲ್ಕರಿಂದ ಮೂವತ್ತರವರೆಗೂ ಇವೆ. ಮನುಷ್ಯನ ಒಲೆಯ ಪಕ್ಕ ಕೂತೂ ಕೂತೂ ಬಂದ ಗುಣ ಅದು. ಜೋಳ ನಾಯಿಗೆ ಶತ್ರುವಲ್ಲ.

ಆದರೆ ಬರೀ ಜೋಳ ಸಾಲುವುದಿಲ್ಲ. ಇಪ್ಪತ್ತು ಕೆ.ಜಿ.ಯ ನಾಯಿಗೆ ದಿನಕ್ಕೆ ಸಾವಿರ ಕ್ಯಾಲೊರಿ ಬೇಕು ಅಂದರೆ ಐವತ್ತು ಗ್ರಾಂ ಹಿಟ್ಟಿನ ಆರು ರೊಟ್ಟಿ. ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೋಷ್ಟಕದಲ್ಲಿ ನೂರು ಗ್ರಾಂ ಜೋಳಕ್ಕೆ ಹತ್ತು ಗ್ರಾಂ ಪ್ರೋಟೀನ್, ಸುಮಾರು 28 ಮಿಲಿಗ್ರಾಂ ಸುಣ್ಣ. ಆರು ರೊಟ್ಟಿಯಲ್ಲಿ 30 ಗ್ರಾಂ ಪ್ರೋಟೀನ್ ಬಂತು, ಬೇಕಾದದ್ದು 45. ಕೊಬ್ಬು ಐದು ಗ್ರಾಂ ಬಂತು, ಬೇಕಾದದ್ದು 14ರ ಹತ್ತಿರ. ಸುಣ್ಣ ಬೇಕಾದದ್ದು 1,250 ಮಿಲಿಗ್ರಾಂ, ಬಂದದ್ದು 84! ಹದಿನೈದರಲ್ಲಿ ಒಂದು ಪಾಲು. ಮಜ್ಜಿಗೆ ಹಾಕ್ತೀವಲ್ರಿ ಅನ್ನುತ್ತಾರೆ. ಮೊಸರಾದರೆ ಅಷ್ಟಿಷ್ಟು ತುಂಬೀತು, ನಾವು ಹಾಕುವುದು ಬೆಣ್ಣೆ ತೆಗೆದು ಎರಡು ತಂಬಿಗೆ ನೀರು ಬೆರೆಸಿದ ಮಜ್ಜಿಗೆ.

ಹಾಗಿದ್ದರೂ ನಮ್ಮ ಹಳೆಯ ನಾಯಿಗಳು ಗಟ್ಟಿಮುಟ್ಟಾಗಿ ಬದುಕಿದ್ದವಲ್ಲ? ಬದುಕಿದ್ದವು, ಆದರೆ ಅವು ಬರೀ ರೊಟ್ಟಿ ತಿಂದವಲ್ಲ. ಕುರಿಗಾಹಿಗಳ ನಾಯಿಗೆ ಹಟ್ಟಿಯಲ್ಲಿ ರೊಟ್ಟಿ, ಅಡವಿಯಲ್ಲಿ ಈದ ಕುರಿಯ ಮಾಸು, ಸತ್ತ ಮರಿ, ಇಲಿ, ಉಡ. ಸುರಪುರ ಬೇಡರ ಸಂಸ್ಥಾನ. ಬೇಡ ಎಂಬ ಹೆಸರಿನಲ್ಲೇ ಬೇಟೆ ಇದೆ. ಬ್ಯಾಟಿ ನಾಯಿಗೆ ಹೊಡೆದ ಮಿಕದಲ್ಲಿ ಪಾಲಿತ್ತು, ಎಲುಬು ಸಮೇತ. ಆ ಎಲುಬೇ ಅದರ ಸುಣ್ಣದ ಡಬ್ಬಿ. 1972ರ ವನ್ಯಜೀವಿ ಕಾಯ್ದೆಯಿಂದ ಬೇಟೆ ನಿಂತಿತು, ನಿಲ್ಲಬೇಕಾದದ್ದೇ. ನಾಯಿ ಗೇಟಿನೊಳಗೆ ಬಂತು, ಕೊರಳಿಗೆ ಸರಪಳಿ ಬಿತ್ತು. ರೊಟ್ಟಿ ಮಾತ್ರ ಜೊತೆಗೆ ಬಂತು, ಉಳಿದದ್ದೆಲ್ಲ ಅಡವಿಯಲ್ಲೇ ಉಳಿಯಿತು. ಮೈಲಾಪುರದ ದೇವರು ಮಲ್ಲಯ್ಯನ ಜೊತೆಗೂ ನಾಯಿ ಇದೆ, ಸಂಕ್ರಾಂತಿ ಜಾತ್ರೆಗೆ ಹೋದವರೆಲ್ಲ ಅದಕ್ಕೂ ಕೈಮುಗಿದು ಬರುತ್ತಾರೆ. ಆದರೆ ಮನೆಯ ನಾಯಿಯ ತಾಟು ನೋಡುವವರು ಕಡಿಮೆ.

ಪಾಕೀಟು ಮುಗಿದ ಮೇಲೆ ನಾವು ಮಾಡಿದ್ದನ್ನೇ ಇಪ್ಪತ್ತು ಕೆ.ಜಿ.ಯ ನಾಯಿಗೆ ಇಳಿಸಿ ಹೇಳುತ್ತೇನೆ. ನಾಲ್ಕು ರೊಟ್ಟಿ, ನೀರಲ್ಲಿ ನೆನೆಸಿದ್ದು. ಬೇಯಿಸಿದ ಎರಡು ತತ್ತಿ. ಎಲುಬು ಬಿಡಿಸಿ ಬೇಯಿಸಿದ ನೂರು ಗ್ರಾಂ ಕೋಳಿ. ಒಂದು ಚಮಚ ಕುಸುಬಿ ಎಣ್ಣೆ. ನಾಯಿಯ ಚರ್ಮಕ್ಕೆ ಬೇಕಾದ ಲಿನೋಲಿಕ್ ಆಮ್ಲ ನಮ್ಮ ಕುಸುಬಿಯಲ್ಲಿರುವಷ್ಟು ಬೇರೆ ಎಣ್ಣೆಯಲ್ಲಿ ಸಿಗುವುದು ಅಪರೂಪ. ತತ್ತಿಯ ಸಿಪ್ಪೆ ತೊಳೆದು, ಹಂಚಿನ ಮೇಲೆ ಹುರಿದು, ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ ಮುಕ್ಕಾಲು ಚಮಚ. ಅದರಲ್ಲೇ ಒಂದೂವರೆ ಗ್ರಾಂ ಸುಣ್ಣ ಬಂತು. ವಾರಕ್ಕೆರಡು ಸಲ ಒಂದು ತುಂಡು ಕಲೇಜಿ. ಪ್ರೋಟೀನ್, ಕೊಬ್ಬು, ಸುಣ್ಣ ಇಷ್ಟರಲ್ಲಿ ತುಂಬುತ್ತವೆ. ಸತು ಬೇಕಾದದ್ದರ ಮೂರನೇ ಒಂದು ಪಾಲಷ್ಟೇ ಬರುತ್ತದೆ. ಡಿ ವಿಟಮಿನ್, ಅಯೋಡಿನ್ ಕೂಡ ಸಾಲವು. ಅದಕ್ಕೆ ದನದ ದವಾಖಾನೆಯ ವೈದ್ಯರನ್ನು ಕೇಳಿ ನಾಯಿಗೆಂದೇ ಇರುವ ಮಾತ್ರೆ ಬರೆಸಿಕೊಳ್ಳಬೇಕು. ಎಮ್ಮೆಗೆ ತಂದ ಖನಿಜ ಮಿಶ್ರಣ ಹಾಕಬೇಡಿ, ಅದರ ಅಳತೆಯೇ ಬೇರೆ. ಮುಧೋಳ ನಾಯಿ ಸಾಕಿದವರಿಗೆ ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ.

ಮರಿಗಳ ವಿಷಯದಲ್ಲಿ ಈ ಮನೆ ಲೆಕ್ಕ ಬೇಡ. ಬೆಳೆಯುವ ಎಲುಬಿಗೆ ಸುಣ್ಣ ಕಡಿಮೆಯಾದರೂ ಕೇಡು, ದೊಡ್ಡ ಜಾತಿಯ ಮರಿಗೆ ಹೆಚ್ಚಾದರೂ ಕೇಡು. ವರ್ಷ ತುಂಬುವವರೆಗೆ ಮರಿಗೆಂದೇ ಮಾಡಿದ ಒಳ್ಳೆಯ ಒಣ ಕಾಳನ್ನು ನೆನೆಸಿ ಹಾಕುವುದು ಕ್ಷೇಮ. ಅದರ ಮೇಲೆ ಕ್ಯಾಲ್ಸಿಯಂ ಸಿರಪ್ಪು ಸುರಿಯಬೇಡಿ.

ನನ್ನ ತೀರ್ಮಾನ ಇಷ್ಟು. ಪೂರ್ಣ ಎಂದು ಬರೆದುಕೊಟ್ಟ, ಖನಿಜಗಳ ಪಟ್ಟಿ ಇರುವ, ಕಲ್ಲಿನಂತೆ ಹೆಪ್ಪುಗಟ್ಟಿಯೇ ಮನೆ ಸೇರುವ ಪಾಕೀಟು ಸಿಕ್ಕರೆ, ಕೈಯಲ್ಲಿ ದುಡ್ಡೂ ಇದ್ದರೆ, ತರಿಸಿ. ಇಲ್ಲವಾದರೆ ಮಾರ್ಚಿನಿಂದ ಜೂನಿನವರೆಗೆ ನಮ್ಮ ಮೂರು ಊರುಗಳಲ್ಲಿ ಅದರ ಸಹವಾಸ ಬೇಡ. ಒಣ ಕಾಳು, ಇಲ್ಲವೇ ಸರಿಪಡಿಸಿದ ರೊಟ್ಟಿಯೇ ಲೇಸು.

ಅಳಿಯನ ನಾಯಿ ಐದನೇ ದಿನದಿಂದ ಅವ್ವನ ಕೈಯೂಟಕ್ಕೆ ಒಗ್ಗಿತು. ಹೊರಡುವ ದಿನ ಅವ್ವ ಮಾಡಿದ್ದ ಮಟನ್ ಸಾರಿನ ಬಟ್ಟಲನ್ನು ಅವನು ನಾಯಿ ಮುಂದೆ ಇಡಲು ಹೋದ, ನಾನೇ ತಡೆದೆ. ಉಳ್ಳಾಗಡ್ಡಿ, ಬಳ್ಳೊಳ್ಳಿ ಎರಡೂ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ಆ ಗುಣ ಹೋಗುವುದಿಲ್ಲ. ಬೆಂದ ಎಲುಬು ಸೀಳಿ ಸೂಜಿಯಂತಾಗಿ ಕರುಳಿಗೆ ಚುಚ್ಚುತ್ತದೆ. ಅವ್ವನಿಗೆ ಈ ಸಂಗತಿ ಗೊತ್ತಿರಲಿಲ್ಲ, ನನಗೂ ಗೊತ್ತಾದದ್ದು ಈಚೆಗೆ. ಈಗ ನಮ್ಮ ಮನೆಯಲ್ಲಿ ಮಾಂಸ ಬೆಂದ ಕೂಡಲೇ, ಮಸಾಲೆ ಬೀಳುವ ಮೊದಲೇ, ನಾಯಿಯ ಪಾಲನ್ನು ಬೇರೆ ಬಟ್ಟಲಿಗೆ ತೆಗೆಯುತ್ತೇವೆ. ನೀವೂ ಒಗ್ಗರಣೆಗೆ ಮುಂಚೆ ಅದರ ಪಾಲು ತೆಗೆದಿಡಿ.